ಮಸಿ ಬಳಿದ ಸಾಲುಗಳು

ಮಾದೇವ ಮಾಸ್ತರರು ಮಗನ ಮೊದಲ ಪತ್ರವನ್ನು ಬಿಸಿಲಿಗೆ ಹಿಡಿದು ಹಿಂದುಮುಂದಾಗಿ ತಿರುಗಿಸಿದರು. ಮೂರು ಸಾಲುಗಳ ಮೇಲೆ ದಪ್ಪಗೆ ಮಸಿ. ಒಂದಕ್ಷರವೂ ಕಾಣಲಿಲ್ಲ.

"ಜೈಲಿನವರ ಕೆಲಸ," ಎಂದರು. "ಹೆತ್ತವರಿಗೆ ಬರೆದದ್ದನ್ನೂ ಬಿಡೂದಿಲ್ಲ."

"ಉಳಿದದ್ದು ಓದಿ," ಎಂದಳು ಹೆಂಡತಿ ಶ್ರೀಮತಿ. "ಅಷ್ಟಾದ್ರೂ ಬಂತಲ್ಲ."

ಹೊನ್ನಾವರದಲ್ಲಿ ಈ ದಂಪತಿಯನ್ನು ಅರಿಯದವರಿರಲಿಲ್ಲ. ಮಾಸ್ತರರು ಶಾಲೆಯ ನೌಕರಿ ಮುಗಿಸಿ ಎರಡು ಕಾವ್ಯಗಳನ್ನು ಅಚ್ಚು ಹಾಕಿಸಿದ್ದರು. ಶ್ರೀಮತಿ ಕಟ್ಟಿದ ಹಾಡುಗಳನ್ನು ಪ್ರಭಾತಫೇರಿಯ ಹೆಂಗಸರು ಬಂದರಿನವರೆಗೂ ಹಾಡಿಕೊಂಡು ಹೋಗುತ್ತಿದ್ದರು. ಒಬ್ಬನೇ ಮಗ ಪಾಂಡು. ನಲವತ್ತೆರಡರ ಚಳವಳಿಯಲ್ಲಿ ಕುಮಟೆಯ ಹತ್ತಿರ ತಂತಿ ಕಡಿದು ಸಿಕ್ಕಿಬಿದ್ದು ಘಟ್ಟದಾಚೆಯ ಜೈಲು ಸೇರಿದ್ದ. ಆಗಿನಿಂದ ತಾಯಿಯ ಹಾಡುಗಳಲ್ಲಿ ಸೆರೆಮನೆಯ ಕಂದನೊಬ್ಬ ಬರತೊಡಗಿದ. ಊರ ಹೆಂಗಸರು ಹಾಡುತ್ತ ಹಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಚಳಿಗಾಲ ಭಟ್ಕಳದ ಕಡೆಯ ಇಬ್ಬರು ಕ್ಷಮಾಪಣೆ ಬರೆದುಕೊಟ್ಟು ಬಿಡುಗಡೆಯಾಗಿ ಬಂದರು. ಶ್ರೀಮತಿ ಅವರನ್ನು ಹಂಗಿಸಿ ಒಂದು ಹಾಡು ಕಟ್ಟಿದಳು. ಅವರ ಮನೆಯ ಹೆಂಗಸರು ಬಾವಿಕಟ್ಟೆಗೆ ಬರುವುದನ್ನೇ ಬಿಟ್ಟರು.

ಪಾಂಡುವಿನಿಂದ ಎರಡು ತಿಂಗಳಿಗೊಂದು ಪತ್ರ. ಟಪಾಲು ಬರುವ ಹೊತ್ತಿಗೆ ಮಾಸ್ತರರು ವಾಚನಾಲಯದಲ್ಲಿರುತ್ತಿದ್ದರು. ಊಟಕ್ಕೆ ಬಂದಾಗ ಪತ್ರ ಮೇಜಿನ ಮೇಲೆ, ಶ್ರೀಮತಿಯ ಹಾಡಿನ ಹಾಳೆಗಳ ಪಕ್ಕದಲ್ಲಿ ಕಾದಿರುತ್ತಿತ್ತು. ಪ್ರತಿಯೊಂದರಲ್ಲೂ ಎರಡೋ ಮೂರೋ ಸಾಲು ಕಪ್ಪು. ಮಾಸ್ತರರು ಕವಿ, ಆ ಕಪ್ಪನ್ನು ಬರಿದೇ ಬಿಡುವವರಲ್ಲ. ಇಲ್ಲಿ ಸರಕಾರಕ್ಕೆ ಸವಾಲು ಹಾಕಿದ್ದಾನೆ, ಇಲ್ಲಿ ಉಪವಾಸದ ಸಂಗತಿ ಬರೆದಿದ್ದಾನೆ ಎಂದು ತಾವೇ ತುಂಬಿಕೊಳ್ಳುತ್ತಿದ್ದರು. ಆ ಹುರುಪಿನಲ್ಲೇ ಉತ್ತರ: 'ಎಷ್ಟೇ ಕಷ್ಟ ಬರಲಿ, ತಲೆ ಬಾಗಿಸಬೇಡ ಮಗು. ನನ್ನ ಮಾತು ಇದೊಂದೇ.'

ಶ್ರೀಮತಿ ಅದನ್ನು ಓದಿ, ತನ್ನದೊಂದು ಮಾತೂ ಸೇರಿಸದೆ, ಅಂಚೆಗೆ ಹಾಕಿ ಬರುತ್ತಿದ್ದಳು.

ಐದನೆಯ ಪತ್ರದಲ್ಲಿ ಅಕ್ಷರಗಳು ಸೊಟ್ಟಗಿದ್ದವು. ಅರ್ಧ ಪುಟ ಮಸಿ.

"ಕೈಗೆ ಎಂತ ಆಯ್ತೋ ಇವನಿಗೆ," ಎಂದರು ಮಾಸ್ತರರು.

"ಅಲ್ಲಿ ಥಂಡಿ ಜಾಸ್ತಿ," ಎಂದು ಶ್ರೀಮತಿ ಒಳಗೆ ಹೋದಳು.

ಆಮೇಲೆ ಬಂದ ಕಾಗದ ಜೈಲಿನದೇ. ಇಂಗ್ಲಿಷಿನಲ್ಲಿ ಮೂರು ಸಾಲು. ಜ್ವರ, ರಕ್ತಭೇದಿ. ದಹನವನ್ನೂ ಅಲ್ಲೇ ಮುಗಿಸಿದ್ದರು.

ಊರವರು ಸಂತಾಪಸಭೆ ಸೇರಿಸಿದರು. ಮಾಸ್ತರರು ಎದ್ದು ನಿಂತು, ಕೈಮುಗಿದು ಕುಳಿತರು. ಹೆಂಗಸರು ಶ್ರೀಮತಿಯ ಹಾಡನ್ನೇ ಎತ್ತಿಕೊಂಡರು. ಅವಳು ಮಾತ್ರ ಹಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಸಂತೆಗುಳಿಯ ಜಟ್ಟ ಮನೆಗೆ ಬಂದ. ಪಾಂಡುವಿನ ಜೊತೆ ಒಂದೇ ಕೋಣೆಯಲ್ಲಿದ್ದವನು. ಶಿಕ್ಷೆ ಮುಗಿದು ಹೊರಬಂದಿದ್ದ.

"ಕಡೆಗೆ ಎಂತ ಹೇಳಿದ ನನ್ನ ಮಗ?"

"ಮಾತಾಡೂದೇ ಬಿಟ್ಟಿದ್ದ, ಮಾಸ್ತರೇ. ನಿಮ್ಮ ಪತ್ರಕ್ಕೆ ಕಾಯ್ತಿದ್ದ. ಬಂದದ್ದು ಓದಿ, ಗೋಡೆ ಕಡೆ ತಿರುಗಿ ಮಲಗ್ತಿದ್ದ. ಎರಡು ದಿನ ಗಂಜಿನೂ ಮುಟ್ತಿರಲಿಲ್ಲ."

"ಮನೆ ನೆನಪು," ಎಂದರು ಮಾಸ್ತರರು. ಐದೂ ಪತ್ರಗಳನ್ನು ತಂದು ಅವನ ಮುಂದೆ ಹರವಿದರು. "ಅವನ ಮನಸ್ಸಿನ ಮಾತನ್ನೆಲ್ಲ ಹೀಗೆ ಮುಚ್ಚಿಬಿಟ್ರು, ನೋಡು."

ಜಟ್ಟ ಒಂದೊಂದನ್ನೇ ಎತ್ತಿ ನೋಡಿದ. ಹುಬ್ಬು ಗಂಟಿಕ್ಕಿತು.

"ಇದು ಜೈಲಿನವರದ್ದಲ್ಲ. ಅಲ್ಲಿ ಮಸಿ ಬಳಿಯೂದಿಲ್ಲ, ಬೇಡದ್ದನ್ನ ಕತ್ತರಿಯಲ್ಲಿ ಕತ್ತರಿಸಿ ತೆಗೀತಿದ್ರು. ನನ್ನ ಅವ್ವಿಗೆ ಬಂದ ಪತ್ರವೆಲ್ಲ ತೂತು."

ಮಾಸ್ತರರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಶ್ರೀಮತಿ ಅಲ್ಲೇ ನಿಂತಿದ್ದಳು.

"ಎಂತ ಬರೆದಿದ್ದ?"

"ಊರೆಲ್ಲ ನನ್ನ ಹಾಡು ಹಾಡ್ತಿತ್ತು," ಎಂದಳು.

"ಎಂತ ಬರೆದಿದ್ದ, ಹೇಳು."

ಶ್ರೀಮತಿ ಕಣ್ಣು ಮುಚ್ಚಿ, ಬಾಯಿಪಾಠ ಒಪ್ಪಿಸುವವಳಂತೆ, ಮಗನ ಮಾತನ್ನು ಅವನದೇ ಶಬ್ದಗಳಲ್ಲಿ ಹೇಳಿದಳು: "'ಅಪ್ಪಾ, ಇನ್ನು ತಾಳಲಾರೆ, ನೀವು ಹೂಂ ಎಂದು ಬರೆದರೆ ಸಾಕು, ಕ್ಷಮಾಪಣೆ ಬರೆದುಕೊಟ್ಟು ಮನೆಗೆ ಬಂದುಬಿಡುತ್ತೇನೆ.'"