ಕೊನೆ ಟ್ರಿಪ್

ಕಂಪ್ಯೂಟರಿನ ತೆರೆಯಲ್ಲಿ ಬಸ್ಸು ಬನ್ನಿಮಂಟಪದ ಸ್ಟಾಪಿಗೆ ಬಂದ ಕೂಡಲೇ ಆಟ ನಿಂತುಹೋಗುತ್ತಿತ್ತು. ಐದನೇ ಸಲವೂ ಹಾಗೇ ಆದಾಗ ಅಕ್ಷತಾ ಪಟ್ಟು ಹಿಡಿದು ಕಾರಣ ಹುಡುಕಿದಳು. ಆಟಕ್ಕೆ ಸೇರಿಸಿದ ಎರಡು ಮಾಡ್‌ಗಳು ಒಂದೇ ಜಾಗದಲ್ಲಿ ಕಂಡಕ್ಟರನ ದನಿ ತರಲು ಹೋಗಿ ಡಿಕ್ಕಿ ಹೊಡೆಯುತ್ತಿದ್ದವು. ಒಂದು ಅವಳದೇ. ಇನ್ನೊಂದು ಬಿಂದು ಎಂಬ ಹುಡುಗಿ ಕಳಿಸಿದ್ದು.

ಎರಡನ್ನೂ ಕೇಳಿದಳು. ಮೈ ಉರಿಯಿತು. ಮೂರು ನಿಮಿಷ ಹನ್ನೊಂದು ಸೆಕೆಂಡು, ನಡುವಿನ ಕೆಮ್ಮೂ ಸೇರಿ ಎರಡೂ ಒಂದೇ.

“ನಮ್ಮಪ್ಪನ ದನಿ ಕದ್ದವ್ಳೆ ಕಣೋ,” ಎಂದಳು ಪಕ್ಕದಲ್ಲಿದ್ದ ಹರೀಶನಿಗೆ. ಆಟವನ್ನು ಓಡಿಸಿ ನೋಡಿ ತಪ್ಪು ಹೇಳುವ ಗೆಳೆಯ ಅವನು.

ಅದು ಬಸ್ ಓಡಿಸುವ ಆಟ. ಅದಕ್ಕೆ ಮೈಸೂರಿನ ಅಭಿಮಾನಿಗಳು ತಮ್ಮ ಪಾಡಿಗೆ ತಾವು ಮಾಡಿ ಸೇರಿಸಿದ ತುಣುಕುಗಳೇ ಮಾಡ್‌ಗಳು. ಒಬ್ಬ ಸಿಟಿ ಬಸ್ಸು ಮಾಡಿದ್ದ, ಒಬ್ಬ ಬೋಗಾದಿ ರಸ್ತೆ, ಇನ್ನೊಬ್ಬ ಬರೀ ಬೀದಿದೀಪ. ಇಂಥ ನಲವತ್ಮೂರನ್ನು ಒಂದೇ ಪ್ಯಾಕಾಗಿ ಕೂಡಿಸುವ ಕೆಲಸವನ್ನು ಅಕ್ಷತಾ ಹೊತ್ತು ಏಳು ತಿಂಗಳಾಗಿತ್ತು. ಒಬ್ಬನ ರಸ್ತೆಯ ಮಧ್ಯೆ ಇನ್ನೊಬ್ಬನ ಮರ ಎದ್ದು ನಿಲ್ಲುತ್ತಿತ್ತು. ಈ ವಾರ ಅನುಮತಿ ಕೊಟ್ಟವನು ಮುಂದಿನ ವಾರ ಮುನಿಸಿಕೊಂಡು ವಾಪಸ್ ಕೇಳುತ್ತಿದ್ದ. ಎಲ್ಲವನ್ನೂ ಅವಳು ನಿಭಾಯಿಸಿದ್ದಳು. ಅಭಿಮಾನಿಗಳ ಆನ್‌ಲೈನ್ ಗುಂಪಿನ ಎರಡು ಸಾವಿರ ಜನಕ್ಕೆ ಅವಳ ಮಾತೇ ಕೊನೆ.

ಇಷ್ಟೆಲ್ಲ ಮಾಡಿದ್ದು ಅಪ್ಪನಿಗಾಗಿ. ಶಿವಮಲ್ಲಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವಳಿಗೆ ಒಂಬತ್ತು ವರ್ಷವಿದ್ದಾಗ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಬರೆದೇ ಮಾತು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕೇಳುವುದು ಅಕ್ಷತಾಳ ದನಿಯೊಂದೇ.

ಹದಿನಾಲ್ಕು ವರ್ಷದ ನಂತರ ಅಪ್ಪನ ಹಳೆಯ ಫೋನಿನಲ್ಲಿ ಆ ರೆಕಾರ್ಡಿಂಗ್ ಸಿಕ್ಕಿತ್ತು. ‘ಕೊನೆ ಟ್ರಿಪ್’ ಎಂದು ಹೆಸರು. ಆಪರೇಷನ್ನಿಗೆ ಮೂರು ವಾರ ಮುಂಚಿನ ತಾರೀಕು. “ಕುಂಬಾರಕೊಪ್ಪಲು ಇಳಿಯೋರು ಮುಂದಕ್ ಬನ್ನಿ, ರೈಟ್ ರೈಟ್.” ಇಂಜಿನ್ ಸದ್ದನ್ನೂ ಮೀರಿಸುವ ಗಟ್ಟಿ ದನಿ. ಅಪ್ಪ ಮನೆಯಲ್ಲಿ ಹಾಗೆ ಕೂಗಿದ್ದು ಅವಳಿಗೆ ನೆನಪಿರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಿದ್ದಳು. ಪ್ಯಾಕ್ ಬಿಡುಗಡೆಯಾಗುವ ದಿನವೇ ಅಪ್ಪನಿಗೆ ಕೇಳಿಸಬೇಕು, ಅಲ್ಲಿಯವರೆಗೆ ಗುಟ್ಟು ಎಂದುಕೊಂಡಿದ್ದಳು.

“ಒಂದ್ಸಲ ನಿಮ್ಮಪ್ಪನ್ನೇ ಕೇಳ್ಬುಡು,” ಎಂದ ಹರೀಶ.

“ಮಾತು ಕಳ್ಕೊಂಡೋರ ಮುಂದೆ ಅವರ ಮಾತನ್ನೇ ಇಟ್ಟು ಸಾಕ್ಷಿ ಕೇಳ್ಲಾ?”

ಸಾಕ್ಷಿ ಬೇರೆ ಇತ್ತು. ಅವಳದು ಅಪ್ಪನ ಫೋನಿನಲ್ಲೇ ರೆಕಾರ್ಡ್ ಆದ ಅಸಲು. ಬಿಂದುವಿನದು ನಾಲ್ಕು ದಿನ ತಡವಾದ ನಕಲು. ಎರಡರ ತಾರೀಕನ್ನೂ ಅಕ್ಕಪಕ್ಕ ಇಟ್ಟು ಗುಂಪಿನಲ್ಲಿ ಹಾಕಿದಳು. ಕೆಳಗೆ ಒಂದೇ ಸಾಲು: ‘ರೋಗಿಯ ದನಿಯನ್ನೂ ಬಿಡದ ಕಳ್ಳಿ.’ ಸಂಜೆಯೊಳಗೆ ಯಾರೋ ಬಿಂದುವಿನ ಫೋಟೊ, ಅವಳು ಓದುವ ಕಾಲೇಜು, ಮನೆಯ ವಿಳಾಸ ಎಲ್ಲವನ್ನೂ ಹುಡುಕಿ ತಂದು ಹಾಕಿದರು. ಅಕ್ಷತಾ ಅಳಿಸಬಹುದಿತ್ತು. ಅಳಿಸಲಿಲ್ಲ.

ಮೂರನೇ ದಿನ ಬಿಂದುವೇ ಫೋನ್ ಮಾಡಿ ಬೋಗಾದಿಯ ಹೋಟೆಲೊಂದಕ್ಕೆ ಬಂದಳು. ತೆಳ್ಳನೆಯ ಹುಡುಗಿ. ಎದುರಿಗಿದ್ದ ಕಾಫಿ ಕೆನೆಗಟ್ಟಿತ್ತು.

“ಅದು ನಮ್ಮಪ್ಪ ಹುಚ್ಚಣ್ಣನ ದನಿ ಕಣ್ರೀ. ಅವರೂ ಕಂಡಕ್ಟರೇ. ಹೋಗಿ ಎರಡು ವರ್ಷ ಆಯ್ತು. ಅಲ್ಲೀವರ್ಗೂ ದಿನಾ ಕೇಳಿದ ದನಿ, ನಂಗೆ ಗೊತ್ತಾಗಲ್ವಾ?”

“ರೆಕಾರ್ಡ್ ಆಗಿರೋ ಫೋನ್ ನಮ್ಮಪ್ಪಂದು.”

“ಫೋನ್ ಯಾರದಾದ್ರೇನು?”

ಸುಳ್ಳು ಹೇಳುವವರು ಹೀಗೇ ಮಾತು ತಿರುಗಿಸುತ್ತಾರೆ ಎಂದುಕೊಂಡಳು ಅಕ್ಷತಾ.

ಬಿಂದು ದನಿ ಇಳಿಸಿದಳು. “ನನ್ನ ಮಾಡ್ ತೆಗೆದ್‌ಬುಡಿ. ನನ್ನ ಹೆಸರೂ ಬೇಡ. ಎಲ್ಲಾದ್ರೂ ಒಂದು ಮೂಲೇಲಿ ನಮ್ಮಪ್ಪನ ಹೆಸರು ಹಾಕಿ. ಅಷ್ಟು ಸಾಕು.”

ಅಕ್ಷತಾ ಬ್ಯಾಗಿನಿಂದ ಬರೆದು ತಂದಿದ್ದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ‘ಸತ್ತ ತಂದೆಯ ಹೆಸರಿನಲ್ಲಿ ಸುಳ್ಳು ಹೇಳಿದೆ. ಕ್ಷಮಿಸಿ.’

“ಇದನ್ನ ಗುಂಪಿಗೆ ಹಾಕಿ. ಆಮೇಲೆ ನಿಮ್ಮ ಹತ್ರ ಇರೋ ರೆಕಾರ್ಡಿಂಗ್ ನನ್ನೆದುರಿಗೇ ಅಳಿಸಿ. ಇಲ್ಲಾಂದ್ರೆ ನಾಳೆ ನಿಮ್ಮ ಕಾಲೇಜಿಗೆ ದೂರು ಹೋಗುತ್ತೆ.”

ಬಿಂದು ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅದನ್ನು ಅಕ್ಷರ ಬಿಡದೆ ಟೈಪ್ ಮಾಡಿ ಗುಂಪಿಗೆ ಹಾಕಿದಳು. ಕ್ಷಣದಲ್ಲೇ ನಗುವ ಮುಖಗಳು ಸಾಲುಗಟ್ಟಿದವು.

“ಒಂದೇ ಒಂದ್ಸಲ ಕೇಳ್ಕೋತೀನಿ,” ಎಂದಳು. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಅಕ್ಷತಾ ಗಡಿಯಾರ ನೋಡುತ್ತ ಕಾದಳು. ಮುಗಿದ ಮೇಲೆ ಬಿಂದು ಅಳಿಸಿದಳು. ಲ್ಯಾಪ್‌ಟಾಪಿನಲ್ಲಿದ್ದುದನ್ನೂ ತೆಗೆಸಿ, ಬೇರೆಲ್ಲೂ ಉಳಿದಿಲ್ಲ ಎಂದು ಆಣೆ ಮಾಡಿಸಿಕೊಂಡೇ ಅಕ್ಷತಾ ಎದ್ದಳು. ಸ್ಕೂಟರ್ ಹತ್ತುವಾಗ ಮನಸ್ಸು ಹಗುರಾಗಿತ್ತು. ಅಪ್ಪನಿಗೆ ನ್ಯಾಯ ಕೊಡಿಸಿದ್ದಳು.

ಭಾನುವಾರ ಬೆಳಗ್ಗೆ ಪ್ಯಾಕ್ ಬಿಡುಗಡೆಯಾಯಿತು. ಒಂದು ಗಂಟೆಯಲ್ಲಿ ನಾಲ್ಕು ಸಾವಿರ ಜನ ಇಳಿಸಿಕೊಂಡರು. ಎಲ್ಲರದೂ ಒಂದೇ ಹೊಗಳಿಕೆ: ಆ ಕಂಡಕ್ಟರನ ದನಿ ಕೇಳಿದರೆ ಬಸ್ಸಿನಲ್ಲೇ ನಿಂತ ಹಾಗಿದೆ.

ಅಕ್ಷತಾ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಆಟ ಶುರು ಮಾಡಿದಳು. ಬಸ್ಸು ಬನ್ನಿಮಂಟಪ ದಾಟಿತು. ದನಿ ಕೂಗಿತು. ಶಿವಮಲ್ಲಪ್ಪ ಬೆಚ್ಚಿ ಮುಂದಕ್ಕೆ ಬಾಗಿದರು. ಮುಖ ಅರಳಿತು. ತುಟಿಗಳು ಆ ಕೂಗಿನ ಜೊತೆಗೇ ಅಲುಗಿದವು. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ಮಗಳು ನೋಡಿರಲಿಲ್ಲ. ಅವರು ನೋಟ್‌ಬುಕ್ಕಿಗೆ ಕೈ ಚಾಚಿದರು. ಅವಳೇ ಪೆನ್ನು ತೆಗೆದುಕೊಟ್ಟಳು. ಅವಸರದಲ್ಲಿ ಬರೆದು, ಹೆಮ್ಮೆಯಿಂದ ಅವಳ ಕಡೆ ತಿರುಗಿಸಿದರು.

‘ನಮ್ಮ ಹುಚ್ಚಣ್ಣನ ದನಿ ಎಲ್ಲಿ ಸಿಕ್ತವ್ವ ನಿನ್ಗೆ? ಅವನು ಡಿಪೋ ಕೆಲಸಕ್ಕೆ ಹೋಗೋ ಮುಂಚೆ ಕೊನೆ ಟ್ರಿಪ್ಪಲ್ಲಿ ನಾನೇ ರೆಕಾರ್ಡ್ ಮಾಡಿ ಅವನಿಗೂ ಕೊಟ್ಟಿದ್ದೆ. ಪಾಪ, ಒಬ್ಬಳು ಮಗಳಿದ್ದಾಳೆ ಅವನಿಗೆ. ಹುಡುಕಿ ಅವಳಿಗೆ ಮೊದಲು ಕಳಿಸು.’