ಕೋಚ್ ಉಂಡ ನೋವು

ಬೌಲರ್‌ಗಳ ತೋಳುನೋವನ್ನು ಅವರವರ ಕೋಚ್ ಉಣ್ಣುವುದು ಎಲ್ಲ ಊರಿನಂತೆ ಹುಬ್ಬಳ್ಳಿಯಲ್ಲೂ ವಾಡಿಕೆಯಾಗಿತ್ತು. ಇಬ್ಬರೂ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡರೆ ಆಯಿತು, ಬೌಲರ್‌ನ ನೋವೆಲ್ಲ ಕೋಚ್‌ನ ತೋಳಿಗೆ ಹೋಗುತ್ತಿತ್ತು. ವೇಗದ ಬೌಲರ್ ನೀಲಗಂಗಾಳ ಹಳೆಯ ಕೋಚ್ ಇನಾಮದಾರರು ತುಸು ನೊಂದರೂ ಆಟ ನಿಲ್ಲಿಸುತ್ತಿದ್ದರು. ಅವಳ ವೇಗ ಏರಲಿಲ್ಲವೆಂದು ಕ್ಲಬ್ಬಿನ ಸಮಿತಿ ಅವರನ್ನು ತೆಗೆದು ಹಂಚಿನಮನಿಯವರನ್ನು ತಂದಿತು.

ಸೊಂಟ ತಿರುಚಿ ಎಸೆಯುವ ಅವರ ಹೊಸ ವಿಧಾನದಲ್ಲಿ ಚೆಂಡು ಸಿಡಿಯುತ್ತಿತ್ತು. ಅವರು ಒಮ್ಮೆಯೂ ನಿಲ್ಲಿಸು ಎನ್ನಲಿಲ್ಲ. ತೋಳು ಹೂವಿನಷ್ಟು ಹಗುರವಾಗಿರುವುದೇ ನೀಲಗಂಗಾಳಿಗೆ ದಿಗಿಲಾಗಿತ್ತು. ಒಳಗೆ ಯಾವ ಸ್ನಾಯು ಹರಿದುಹೋಗುತ್ತಿದೆಯೋ, ಹೇಳಬೇಕಾದವರು ಸುಮ್ಮನಿದ್ದರು.

ಆಯ್ಕೆ ಪಂದ್ಯದ ದಿನ ಓವರ್ ಮುಗಿಸಿ ಅವಳು ಬೌಂಡರಿಗೆ ಬಂದಳು. ಹಂಚಿನಮನಿ ಸರ್ ಬಲಗೈಯನ್ನು ಜೇಬಿಗೆ ತುರುಕಿ ನಿಂತಿದ್ದರು. ತುಟಿ ಬಿಳಚಿಕೊಂಡಿತ್ತು.

"ಸರ್, ನೋಯಾಕತ್ತೈತೇನ್ರಿ?"

"ಏನಿಲ್ಲ. ಇನ್ನೂ ಜೋರ್ ಹಾಕು."

"ಹಂಗಾದ್ರ ಆ ಕೈ ಮ್ಯಾಲೆತ್ರಿ ನೋಡೂಣು."

ಕೈ ಮೇಲೇಳಲಿಲ್ಲ. "ನಿನ್ನ ವೇಗ ಇಳಿದ್ರ ನನ್ನನ್ನೂ ತೆಗೀತಾರ, ನೀಲಾ," ಎಂದರು ಮೆಲ್ಲಗೆ.

ಅವಳು ತನ್ನ ಪಟ್ಟಿ ಬಿಚ್ಚಿದಳು. ನೋವು ಮರಳಿದ್ದೇ ತಡ, ಹುಲ್ಲಿನ ಮೇಲೆ ಕುಸಿದಳು.

"ಇಷ್ಟನ್ನ ಹೊತ್ಕೊಂಡು ಸುಮ್ಮನ ನಿಂತಿದ್ರೇನ್ರಿ?"

ಸರ್ ಐಸ್ ತರಲು ಓಡಿದರು.