ದೇವರ ಕಂಬಳಿಯ ನೂಲು

ಹಿರಿಯೂರಿನ ಆಸ್ಪತ್ರೆಯಿಂದ ಬಂದ ಆಟೋ ಹಟ್ಟಿಯ ಬೇಲಿ ದಾಟುವ ಮೊದಲೇ ಪೂಜಾರಿ ಸಣ್ಣಪ್ಪ ಅಡ್ಡ ನಿಂತ. ಹೆಗಲ ಮೇಲೆ ದೇವರ ಕರಿ ಕಂಬಳಿ. ಹಬ್ಬದ ದಿನ ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಉಳಿದ ದಿನ ಅದು ಪೂಜಾರಿಯ ಗತ್ತು.

“ಬಾಣಂತಿ ಒಳಗೆ ಬರಂಗಿಲ್ಲ. ಮೂರು ತಿಂಗ್ಳು ಹೊರಗಿನ ಗುಡ್ಲಾಗಿರ್ಲಿ. ಮೈಲಿಗೆ ಆದ್ರೆ ದೇವ್ರು ಸುಮ್ಕಿರಲ್ಲ.”

ಐದು ದಿನದ ಮಗಳನ್ನು ಎದೆಗವಚಿಕೊಂಡು ಯಮುನಾ ಆ ಗುಡಿಸಲನ್ನು ನೋಡಿದಳು. ನಾಲ್ಕು ಗಳ, ಮೇಲೊಂದಿಷ್ಟು ತೆಂಗಿನ ಗರಿ. ಚಳಿಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬೀಳುತ್ತಿತ್ತು. ಹಿಂದಿನ ಬಾಣಂತನದಲ್ಲಿ ದೊಡ್ಡ ಮಗನಿಗೆ ನ್ಯುಮೋನಿಯಾ ಆಗಿದ್ದು ಅಲ್ಲೇ. ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು.

“ನಾನಲ್ಲಿಗೆ ಹೋಗಲ್ಲ ಮಾವ.”

ಅವಳ ಅತ್ತೆ ಓಬವ್ವ ಆಟೋದಿಂದ ನಿಧಾನವಾಗಿ ಇಳಿದಳು. ಪೂಜಾರಿಯ ಸ್ವಂತ ಅಕ್ಕ. ಹಟ್ಟಿಗೆಲ್ಲ ಅವನು ದೊಡ್ಡ ಮನುಷ್ಯ; ಇವಳಿಗೆ ಮಾತ್ರ ಮೂಗು ಒರೆಸಿ ಬೆಳೆಸಿದ ಸಣ್ಣ.

“ಲೇ ಸಣ್ಣ, ಆ ಕಂಬಳಿಗೆ ನೂಲು ತೆಗ್ದೋರು ಯಾರು?”

“ನೀನೇ. ಅದುಕ್ಕೇನೀಗ?”

“ಎಲ್ಲಿ ಕುಂತು ತೆಗ್ದೆ?”

“ಮನ್ಯಾಗೆ. ಇನ್ನೆಲ್ಲಿ?”

ಓಬವ್ವ ನಕ್ಕೇಬಿಟ್ಟಳು. “ನೀರು ತಂದು, ಮುದ್ದೆ ಮಾಡಿ, ಕುರಿ ಮರಿ ನೋಡ್ಕಂಡು ಮನ್ಯಾಗೆ ನಂಗೆ ಪುರುಸೊತ್ತು ಎಲ್ಲಿತ್ತಲೇ? ಮುಟ್ಟಾದಾಗ ಮೂರು ದಿನ ಹೊರಗಿಡ್ತಿದ್ರಲ್ಲ, ಆ ಗುಡ್ಲಾಗೆ ರಾಟೆ ಇಟ್ಕಂಡು ನೂತಿದ್ದು. ಎಲ್ಡು ವರ್ಷ ಹಿಡೀತು. ಒಂದೆಳೇನೂ ಮನ್ಯಾಗಿಂದಲ್ಲ.”

ಸಣ್ಣಪ್ಪ ಚೇಳು ಕಂಡವನಂತೆ ಕಂಬಳಿ ಕಿತ್ತೆಸೆದ. ಅದು ಆಟೋದ ಚಕ್ರದ ಹತ್ತಿರ ಬಿತ್ತು. “ಅಯ್ಯೋ ಅಕ್ಕಾ, ಮದ್ಲೇ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ಹನ್ನೆರಡು ವರ್ಷದಿಂದ ದೇವ್ರು ಅದ್ರ ಮ್ಯಾಲೆ ಕುಂತೈತೆ. ಅದೂ ಒಂದಿನ ಕೇಳ್ಲಿಲ್ಲ.”

ಅವಳು ಕಂಬಳಿ ಎತ್ತಿ, ಧೂಳು ಕೊಡವಿ, ಮೊಮ್ಮಗಳಿಗೆ ಬೆಚ್ಚಗೆ ಸುತ್ತಿ ಸೊಸೆಯ ಕೈಗಿಟ್ಟಳು. “ನಡಿಯವ್ವ, ಹೋಗಾಣ.”

ಯಮುನಾ ಬೇಲಿ ದಾಟಿದಳು. ಸಣ್ಣಪ್ಪ ತಡೆಯಲು ಕೈಯನ್ನೇನೋ ಚಾಚಿದ. ಕಂಬಳಿ ತಗುಲೀತೆಂದು ಹಿಂದಕ್ಕೆ ಎಳೆದುಕೊಂಡ.

ಒಳಗೆ ಬೇವಿನ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುದುಕರು ದೇವರ ಕಂಬಳಿ ಬರುವುದನ್ನು ಕಂಡು, ಎಂದಿನ ರೂಢಿಯಂತೆ ಎದ್ದು ನಿಂತು ಕೈಮುಗಿದರು. ಕಂಬಳಿಯೊಳಗಿದ್ದ ಐದು ದಿನದ ಹುಡುಗಿ ಬಾಯಿ ತುಂಬ ಆಕಳಿಸಿದಳು.